ಹರಿಯತ್ತೆ

ಮಂಡ್ಯ ಸ್ಟೇಷನ್ನಿನ ಆಚೆ, ಈಗ ಗೊಬ್ಬರದಂಗಡಿ ಇರುವಲ್ಲಿ
ಒಂದು ಡೇರೆ ಇತ್ತಂತೆ.
ಪರದೆಯ ಮುಂದೆ ಕೂತರೆ ಎರಡಾಣೆ, ಹಿಂದೆ ಕೂತರೆ ಅರ್ಧಾಣೆ.
ನಮ್ಮಜ್ಜಿ ದೇವೀರಮ್ಮ ಯಾವಾಗಲೂ ಹಿಂದೆ.
ಮರಳು ಗುಡ್ಡೆ ಮಾಡಿ ಮೇಲೆ ಕೂತು
ದೊರೆಗಳು ಎಡಗೈ ಕುಲುಕುವ ಜನ ಎಂದೇ
ಬಹುಕಾಲ ನಂಬಿದ್ದಳು.
ಅಕ್ಷರ ಕಲಿತದ್ದೂ ಅಲ್ಲೇ, ತಿರುವುಮುರುವಾಗಿ.

ಆಗ ಚಿತ್ರಕ್ಕೆ ಬಾಯಿಲ್ಲ.
ಬಾಯಿ ಕೆಂಪನಂಜಯ್ಯನದು:
ಲೋಯರ್ ಸೆಕೆಂಡರಿ ಫೇಲು,
ಹಗಲೆಲ್ಲ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಲೆಕ್ಕ,
ಇರುಳು ಬೆತ್ತ ಹಿಡಿದು ಪರದೆ ಪಕ್ಕ.
ಇಂಗ್ಲಿಷ್ ಬರಹ ಮೂಡಿದ ಕೂಡಲೆ ಬೆತ್ತ ಕುಟ್ಟಿ ಹೇಳುವನು,
ತಿಳಿದದ್ದು ಅರ್ಧ, ಕಟ್ಟಿದ್ದು ಅರ್ಧ.
"ನೋಡ್ರಪ್ಪಾ, ಈವಮ್ಮನ ಗಂಡ ಕುಡ್ಕ,
ಇವತ್ತು ಇವಳು ಗಂಟು ಕಟ್ಟಿದಳು!"
ಮುಂದಿನವರೂ ಹಿಂದಿನವರೂ
ಒಟ್ಟಿಗೆ ಲೊಚಗುಟ್ಟುವರು.

ಒಂದು ಚಿತ್ರದ ತುದಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ,
ಬರಹ ತಿದ್ದಿದವರು: ಹ್ಯಾರಿಯೆಟ್ ಪ್ಲಮ್ಲಿ.
ಕೆಂಪನಂಜಯ್ಯನ ನಾಲಿಗೆ ಹೊರಳಲಿಲ್ಲ.
"ಹರಿಯತ್ತೆ" ಅಂದುಬಿಟ್ಟ.
ಅಂದಿನಿಂದ ಅಮೆರಿಕದಲ್ಲಿ ನಮಗೊಬ್ಬಳು ಅತ್ತೆ.

ಮುಂದಿನ ವರ್ಷ ಬಂದ ಡಬ್ಬಿಯಲ್ಲಿ
ಯಾವನೋ ಗಂಡಸಿನ ಹೆಸರಿನ ಕೆಳಗೆ, ತುಸು ದಪ್ಪಗೆ.
ಅದರ ಮುಂದಿನದರಲ್ಲಿ ಅವನ ಸಮಕ್ಕೆ.
ಆಮೇಲೆ ಅವನೇ ಇಲ್ಲ:
ಬರೆದವರು ಹರಿಯತ್ತೆ, ಆಡಿಸಿದವರು ಹರಿಯತ್ತೆ.
"ನಮ್ಮತ್ತೆ ಮೇಲೆ ಬಂದ್ಬುಟ್ಲು ಕನ್ರಪ್ಪೋ" ಎಂದು
ಕೆಂಪನಂಜಯ್ಯ ಕಡಲೆಪುರಿ ಹಂಚಿದನಂತೆ.

ಮೈಸೂರಿನಲ್ಲಿ ಓದುವಾಗ, ಲೈಬ್ರರಿಯ ತಳದ ಬೀರುವಿನಲ್ಲಿ
ಬೆನ್ನು ಕಿತ್ತ ದಪ್ಪ ಪುಸ್ತಕವೊಂದರಲ್ಲಿ ಸಿಕ್ಕಳು ನನಗೆ.
ಆರೇ ಸಾಲು.
ಟೈಪಿಸ್ಟು. ಕತೆಗೆ ಹದಿನೈದು ಡಾಲರು.
ಇಪ್ಪತ್ತಾರಕ್ಕೆ ತಾನೇ ನಿರ್ದೇಶಕಿ, ನಲವತ್ತು ಜನರ ಕಂಪನಿ.
ನಂತರ ದುಡ್ಡಿನವರು ಬಂದರು.
ನಂತರ ಯಾರದೋ ಜೊತೆಗೆ, ಯಾರದೋ ಕೆಳಗೆ,
ಕೊನೆಗೆ ಬೇರೆಯವರ ಬರಹ ತಿದ್ದುವ ಕೂಲಿ.
ನಿಧನ: ತಿಳಿದಿಲ್ಲ.

ಎರಡು ಸಲ ಓದಿದೆ.
ಆಮೇಲೆ ಹೊಳೆಯಿತು: ಹಳೆಯದಾದಷ್ಟೂ ಅಗ್ಗ,
ಅಗ್ಗವಾದಷ್ಟೂ ತಡ.
ಬೊಂಬಾಯಿ, ಮದರಾಸು, ಬೆಂಗಳೂರು ಸುತ್ತಿ
ಗೀರು ಬಿದ್ದು, ತೇಪೆ ಹಾಕಿಸಿಕೊಂಡು
ಮಂಡ್ಯಕ್ಕೆ ಅವಳ ಬಾಳು ಬಂದದ್ದು
ಬುಡ ಮೇಲಾಗಿ.
ಪರದೆಯ ಹಿಂದೆ ಕೂತವರಿಗಷ್ಟೇ ಅಲ್ಲ,
ಎರಡಾಣೆ ಕೊಟ್ಟವರಿಗೂ.

ಕೊನೆಯ ರಾತ್ರಿಯ ಮಾತು ಅಜ್ಜಿ ಹೇಳಿದ್ದು.
ಮುಂದಿನ ವಾರ ಮಾತಾಡುವ ಮಿಷನ್ನು ಬರುವುದಿತ್ತು.
ಬುಡನ್ ಸಾಬರು ಹಿಡಿ ತಿರುಗಿಸಿದರು.
ಒಂದೇ ರೀಲು. ಪರದೆ ತುಂಬ ಅವಳ ಹೆಸರು.
ಹೆಸರಿನ ಬೆನ್ನಿಗೆ ಅವಳೇ,
ಟೈಪು ಹೊಡೆಯುತ್ತಾ, ಹೊಡೆಯುತ್ತಾ
ತಲೆಯೆತ್ತಿ, ನೇರ ನಮ್ಮ ಕಡೆ ನೋಡಿ
ಏನೋ ಹೇಳಿದಳು. ಉದ್ದಕ್ಕೆ ಹೇಳಿದಳು.
ಬರಹ ಮೂಡಲಿಲ್ಲ.
ಕೆಂಪನಂಜಯ್ಯ ಎತ್ತಿದ ಬೆತ್ತ ಎತ್ತಿದಂತೆಯೇ.
"ಓದಯ್ಯಾ!" ಅಂದರು ಜನ. ಶಿಳ್ಳೆ ಹೊಡೆದರು.
"ಅವಳೇ ಯೋಳ್ತಾವ್ಳೆ, ಕೇಳ್ರೋ" ಅಂದನಂತೆ.
ಆಮೇಲೆ ಹಿಡಿಯ ಕಟಕಟ,
ಮದ್ದೂರಿನ ಕಡೆಗೆ ಒಂದು ಗೂಡ್ಸು.

ಸಕ್ಕರೆ ಕಾರ್ಖಾನೆ ಬಂದ ಮೇಲೆ ಅವನು
ತೂಕದ ಕಟ್ಟೆಯಲ್ಲಿ ಕಬ್ಬಿನ ಗಾಡಿ ನಂಬರು ಕೂಗುತ್ತಿದ್ದ.
ಗೆಜ್ಜಲಗೆರೆಗೆ ಕೇಳಿಸುವಂತೆ ಕೂಗುತ್ತಿದ್ದ
ಎನ್ನುವುದು ಅಜ್ಜಿಯ ಉತ್ಪ್ರೇಕ್ಷೆ.

ಎಂಬತ್ತು ದಾಟಿದ ಅಜ್ಜಿ ಒಂದು ಸಂಜೆ
ರಂಗೋಲಿ ಪುಡಿಯಲ್ಲಿ ಹೊಸ್ತಿಲ ಮುಂದೆ ಏನೋ ಗೀಚಿದಳು.
ಕನ್ನಡಿ ತಂದು ಹಿಡಿದೆ: ಪ್ಲಮ್ಲಿ.
ಒಂದಕ್ಷರವೂ ತಪ್ಪಿಲ್ಲ.
"ಆವಮ್ಮ ಆಮ್ಯಾಕೆ ಇನ್ನೂ ದೊಡ್ಡೋಳಾಗಿರ್ಬೇಕು, ಅಲ್ವೇ?"
ಆರು ಸಾಲಿನ ಜೆರಾಕ್ಸು ಬ್ಯಾಗಿನಲ್ಲೇ ಇತ್ತು.
ಹೂಂ ಅಜ್ಜಿ, ಅಂದೆ.